ಬೇಸಿಗೇಲಿ ಕೊಡಗಿನ ಬೆಟ್ಟ-ಕಾಡಲ್ಲಿ ದಾರಿ ತಪ್ಪಿದ್ರೆ ನಡ್ಕೊಂಡು ಹೊರಗೆ ಬರೋದು ಹೇಗೆ

ಕೊಡಗು ಅಂದ ತಕ್ಷಣ ಎಲ್ರಿಗೂ ಮಳೆ, ಮಂಜು, ಚಳಿ ನೆನಪಾಗತ್ತೆ, ಇಲ್ಲಿ ಬಿಸಿಲಿಗೆ ಯಾರಿಗಾದ್ರೂ ಏನಾದ್ರೂ ಆಗತ್ತಾ ಅಂತ ಕೇಳೋರೇ ಜಾಸ್ತಿ. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಯಾವುದಾದ್ರೂ ಬೋಳು ಹುಲ್ಲುಬೆಟ್ಟದ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ನಿಂತು ನೋಡಿ, ತಲೆ ಮರೆಸೋಕೆ ಒಂದು ಪೊದೆ ಕೂಡ ಸಿಗಲ್ಲ. ಮಾಲ್ದಾರೆ, ತಿತಿಮತಿ ಕಡೆ ಎಲೆ ಉದುರಿಸಿ ನಿಂತಿರೋ ಕಾಡಿಗೆ ಹೋದ್ರೆ ಅಲ್ಲಿ ಮರ ಸಾವಿರ ಇದ್ರೂ ನೆರಳು ಇಲ್ಲ, ಹಳ್ಳದಲ್ಲಿ ನೀರಿಲ್ಲ, ಕಾಲಿಟ್ಟಲ್ಲೆಲ್ಲ ಒಣಗಿದ ಎಲೆ ಚರಚರ ಅನ್ನತ್ತೆ. ಅಂಥ ಕಡೆ ದಾರಿ ತಪ್ಪಿದ್ರೆ ಏನು ಮಾಡ್ಬೇಕು ಅಂತ ನನಗೆ ಗೊತ್ತಿರೋದನ್ನ ಇಲ್ಲಿ ಬರೀತಿದ್ದೀನಿ.

ನಾನು ಸೋಮವಾರಪೇಟೆ ಕಡೆಯವನು. ನನ್ನ ಚಿಕ್ಕಪ್ಪ ಮಿಲಿಟರೀಲಿದ್ರು, ರಾಜಸ್ಥಾನದ ಬಾರ್ಡರ್ ಕಡೆ ಕೆಲವು ವರ್ಷ ಡ್ಯೂಟಿ ಮಾಡಿದೋರು. ಅಲ್ಲಿ ಬಿಸಿಲು ಅಂದ್ರೆ ನಮ್ಮ ಲೆಕ್ಕದ ಬಿಸಿಲಲ್ಲ, 2016ರ ಮೇ 19ಕ್ಕೆ ಫಲೋಡಿಯಲ್ಲಿ 51 ಡಿಗ್ರಿ ಆಗಿತ್ತು, ದೇಶದಲ್ಲೇ ದಾಖಲೆ ಅದು. ನೀರು, ನೆರಳು, ಬೆವರು ಇದ್ರ ಬಗ್ಗೆ ನಾನು ಕಲ್ತಿರೋದೆಲ್ಲ ಅವರಿಂದಾನೇ. ಆದ್ರೆ ಮರುಭೂಮಿ ಬುದ್ಧಿನ ಹಂಗೇ ಎತ್ಕೊಂಡು ಬಂದು ಕೊಡಗಲ್ಲಿ ಇಟ್ರೆ ಪ್ರಾಣಕ್ಕೇ ಬರತ್ತೆ ಅಂತ ಹೇಳಿದ್ದೂ ಅವರೇ. ನೆಟ್ಟಲ್ಲಿ ಹುಡುಕಿದ್ರೆ ಸಿಗೋ ಸಲಹೆ ಮೂರು: ರಾತ್ರಿ ತಂಪಲ್ಲಿ ನಡೀರಿ, ಹಳ್ಳ ಹಿಡಿದು ಕೆಳಗೆ ಇಳೀರಿ, ಬೆಂಕಿ ಹಾಕಿ ಹೊಗೆ ತೋರ್ಸಿ. ಬೇರೆ ಊರಲ್ಲಿ ಸರಿ ಇರಬಹುದು, ಏಪ್ರಿಲ್ ತಿಂಗಳ ಕೊಡಗಲ್ಲಿ ಈ ಮೂರೂ ಅಪಾಯ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮನೆ ಬಿಡೋ ಮುಂಚೆ

ಇದನ್ನ ಬೇಗ ಮುಗಿಸ್ತೀನಿ. ಪೂರ್ತಿ ದಿನದ ನಡಿಗೆ ಅಂದ್ರೆ ತಲೆಗೆ ಮೂರು ಲೀಟರ್ ನೀರು, ಎರಡು ಓಆರ್‌ಎಸ್ ಪ್ಯಾಕೆಟ್, ಒಂದು ವಿಷಲ್, ಟಾರ್ಚು, ಪವರ್ ಬ್ಯಾಂಕು, ತುಂಬುತೋಳಿನ ತೆಳು ಕಾಟನ್ ಶರ್ಟು, ಒಂದು ಬೈರಾಸು (ಟವೆಲ್). ಸಾಧ್ಯ ಆದ್ರೆ ಕೊಡೆ. ಬೇಸಿಗೇಲಿ ಕೊಡೆ ಯಾಕೆ ಅಂತ ನಗೋರಿಗೆ ನಗೋಕೆ ಬಿಡಿ, ಹುಲ್ಲುಬೆಟ್ಟದಲ್ಲಿ ಅದು ಕೈಲಿ ಹಿಡ್ಕೊಂಡು ಹೋಗೋ ಮರ. ಫೋನಲ್ಲಿ ಆ ಜಾಗದ ಮ್ಯಾಪ್ ಮುಂಚೇನೇ ಡೌನ್‌ಲೋಡ್ ಮಾಡ್ಕೊಳ್ಳಿ. ಬೆಂಕಿ ಸೀಸನ್ನಲ್ಲಿ ಅರಣ್ಯ ಇಲಾಖೆಯವರು ಟ್ರೆಕ್ಕಿಂಗ್ ದಾರಿಗಳನ್ನ ಮುಚ್ಚಿರ್ತಾರೆ, ಮುಚ್ಚಿದ್ರೆ ಹೋಗ್ಲೇಬೇಡಿ, ಕಳ್ಳದಾರೀಲಿ ಹೋದೋರು ಕಳೆದುಹೋದ್ರೆ ಎಲ್ಲಿ ಹುಡುಕ್ಬೇಕು ಅಂತಾನೇ ಯಾರಿಗೂ ಗೊತ್ತಿರಲ್ಲ.

ಎಲ್ಲಕ್ಕಿಂತ ಮುಖ್ಯ, ಒಬ್ಬರಿಗೆ ಹೇಳಿ ಹೋಗಿ. "ಬೆಟ್ಟಕ್ಕೆ ಹೋಗ್ತೀವಿ" ಅಂದ್ರೆ ಸಾಕಾಗಲ್ಲ. ಯಾವ ಬೆಟ್ಟ, ಯಾವ ಕಡೆಯಿಂದ ಹತ್ತೋದು, ಯಾವ ಕಡೆ ಇಳಿಯೋದು, ಗಾಡಿ ಎಲ್ಲಿ ನಿಲ್ಸಿರ್ತೀವಿ, ಸಂಜೆ ಎಷ್ಟು ಗಂಟೆವರೆಗೆ ಫೋನ್ ಬರದಿದ್ರೆ ಯಾರಿಗೆ ಹೇಳ್ಬೇಕು, ಇಷ್ಟನ್ನೂ ವಾಟ್ಸಾಪಲ್ಲಿ ಬರೆದು ಕಳ್ಸಿ.

ದಾರಿ ತಪ್ಪಿದೆ ಅಂತ ಅನ್ನಿಸಿದ ಕೂಡ್ಲೇ

ಕೂತ್ಕೊಳ್ಳಿ. ನಿಜವಾಗ್ಲೂ ಕೆಳಗೆ ಕೂತ್ಕೊಳ್ಳಿ, ನೆರಳಿದ್ರೆ ನೆರಳಲ್ಲಿ.

ನನಗೆ ಇಪ್ಪತ್ತು ವರ್ಷ ಇದ್ದಾಗ ನಾನೂ ಚಿಕ್ಕಪ್ಪನ ಮಗನೂ (ನನಗಿಂತ ಎರಡು ವರ್ಷ ಚಿಕ್ಕೋನು) ನಮ್ಮ ಕಡೆ ಒಂದು ಬೆಟ್ಟ ಹತ್ತಿ ಇಳಿಯುವಾಗ ಶಾರ್ಟ್‌ಕಟ್ ಅಂತ ಬೇರೆ ಏಣು, ಅಂದ್ರೆ ಬೆಟ್ಟದ ಬೆನ್ನು, ಹಿಡಿದ್ವಿ. ಏಪ್ರಿಲ್ ತಿಂಗಳು, ಹನ್ನೊಂದೂವರೆ ಹೊತ್ತು. ಅರ್ಧ ಗಂಟೆಗೆ ರೋಡು ಕಾಣ್ಬೇಕಿತ್ತು, ಕಾಣ್ಲಿಲ್ಲ. ಆಗ ಕೂರೋ ಬದಲು ನಾವು ಬಿರಬಿರನೆ ನಡೆಯೋಕೆ ಶುರು ಮಾಡಿದ್ವಿ, ಇನ್ನೊಂದು ತಿರುವು, ಇನ್ನೊಂದು ತಿರುವು ಅಂತ, ಒಂದು ಗಂಟೆ ನಡೆದ ಮೇಲೆ ಒಂದು ಬಂಡೆ ಹತ್ತಿರ ಅವನು ಕುಡಿದು ಬಿಸಾಕಿದ್ದ ಜ್ಯೂಸ್ ಪ್ಯಾಕೆಟ್ಟೇ ಕಾಲಿಗೆ ಸಿಕ್ತು. ಸುತ್ತಿ ಸುತ್ತಿ ಅಲ್ಲಿಗೇ ಬಂದಿದ್ವಿ.

ಕಾಡಲ್ಲಿ ಯಾವುದೋ ಬಳ್ಳಿ ದಾಟಿದ್ರೆ ದಿಕ್ಕು ತಪ್ಪತ್ತೆ ಅಂತ ನಮ್ಮ ಹಿರಿಯರು ಹೇಳೋರು. ಬಳ್ಳಿ ವಿಷಯ ಏನೇ ಇರ್ಲಿ, ಸುತ್ತೋದು ಮಾತ್ರ ನಿಜ. ಜರ್ಮನಿಯ ಸಂಶೋಧಕರು ಜನರನ್ನ ಒಂದು ದೊಡ್ಡ ಕಾಡಲ್ಲೂ ಸಹಾರಾ ಮರುಭೂಮೀಲೂ ನೆಟ್ಟಗೆ ನಡೀರಿ ಅಂತ ಬಿಟ್ಟು ಜಿಪಿಎಸ್ಸಲ್ಲಿ ನೋಡಿದ್ರು, 2009ರಲ್ಲಿ ಅದು ಪ್ರಕಟ ಆಯ್ತು: ಸೂರ್ಯನೋ ಚಂದ್ರನೋ ಕಾಣ್ತಿದ್ರೆ ಹೆಚ್ಚುಕಮ್ಮಿ ನೆಟ್ಟಗೆ ನಡೆದ್ರು, ಮೋಡ ಮುಚ್ಚಿದಾಗ ಗೊತ್ತೇ ಆಗದಂಗೆ ಸುತ್ತು ಹಾಕಿ ತಾವು ನಡೆದ ದಾರಿಗೇ ಬಂದು ಸೇರಿದ್ರು. ಹಾಗಾಗಿ ಕಣ್ಣಿಗೆ ಒಂದು ಗುರುತು ಇಲ್ದೆ ನಡೀಬೇಡಿ. ದೂರದ ಒಂದು ಮರವೋ ಬಂಡೆಯೋ ಆರಿಸ್ಕೊಂಡು ಅಲ್ಲಿವರೆಗೆ ನಡೀರಿ, ಅಲ್ಲಿ ನಿಂತು ಹಿಂದೆ ತಿರುಗಿ ನೋಡಿ, ಆಮೇಲೆ ಮುಂದಿನ ಗುರುತು.

ಕೂತಾಗ ಮಾಡ್ಬೇಕಾಗಿರೋದು ಇಷ್ಟು. ಗಂಟೆ ಎಷ್ಟು ನೋಡಿ. ನೀರು ಎಷ್ಟಿದೆ ನೋಡಿ. ಕೊನೇ ಸಲ ಸರಿಯಾದ ದಾರಿ ಅಂತ ಖಚಿತ ಇದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ನಿಮಿಷ ನಡೆದಿದ್ದೀವಿ ನೆನಪು ಮಾಡ್ಕೊಳ್ಳಿ. ಇಪ್ಪತ್ತು ನಿಮಿಷದ ಒಳಗೆ ಇದ್ದು, ಬಂದ ದಾರಿ ಕಾಣ್ತಿದ್ರೆ ಹಿಂದಕ್ಕೇ ಹೋಗಿ, ಎಷ್ಟೇ ಏರು ಇದ್ರೂ. ಕೆಳಗೆ ಇಳಿಯೋದು ಸುಲಭ ಅಂತಾನೇ ಎಲ್ರೂ ಇನ್ನೂ ಒಳಗೆ ಹೋಗೋದು.

ನೀರು ಬಾಟ್ಲಿಯಲ್ಲಿರೋದಕ್ಕಿಂತ ಮೈಯಲ್ಲಿರ್ಲಿ

ಚಿಕ್ಕಪ್ಪ ಯಾವಾಗ್ಲೂ ಹೇಳೋ ಮಾತಿದು. ನೀರು ಉಳಿಸ್ಬೇಕು ಅಂತ ಬಾಯಾರಿಕೆ ಕಟ್ಕೊಂಡು ಗುಟುಕು ಗುಟುಕು ನಾಲಿಗೆ ಒದ್ದೆ ಮಾಡ್ಕೊಳ್ತಾ ನಡೆಯೋರು ಬಾಟ್ಲಿಯಲ್ಲಿ ನೀರಿದ್ದಂಗೇ ತಲೆ ತಿರುಗಿ ಬೀಳ್ತಾರೆ. ಬಾಯಾರಿದಾಗ ಕುಡೀರಿ. ಉಳಿಸ್ಬೇಕಾಗಿರೋದು ಬೆವರು. ಬಿಸಿಲಲ್ಲಿ ಏರು ಹತ್ತಿದ್ರೆ ಗಂಟೆಗೆ ಒಂದು ಲೀಟರ್ ಬೆವರು ಆರಾಮಾಗಿ ಹೋಗತ್ತೆ, ಅದೇ ನೆರಳಲ್ಲಿ ಸುಮ್ಮನೆ ಕೂತ್ರೆ ಅದ್ರ ಒಂದು ಚೂರು ಅಷ್ಟೇ. 60 ಕೆಜಿ ತೂಕದೋರಿಗೆ ಒಂದೂಕಾಲು ಲೀಟರ್ ಹೋದ್ರೆ ಮೈತೂಕದ ಶೇಕಡ ಎರಡು ಹೋದಂಗೆ, ಅಲ್ಲಿಂದ ಮುಂದೆ ಕಾಲೂ ಸೋಲತ್ತೆ, ತಲೇನೂ ಮಂಕಾಗತ್ತೆ, ತಪ್ಪು ನಿರ್ಧಾರ ಮಾಡೋದು ಆಗ್ಲೇ.

ಶರ್ಟ್ ಬಿಚ್ಬೇಡಿ. ಬಿಚ್ಚಿದ್ರೆ ತಂಪು ಅನ್ಸತ್ತೆ, ಆದ್ರೆ ಬಿಸಿಲು ನೇರ ಚರ್ಮಕ್ಕೆ ಬಿದ್ದು ಬೆವರು ಬೇಗ ಆರಿ ಇನ್ನಷ್ಟು ಬೆವರತ್ತೆ. ತಲೆ, ಕತ್ತು ಮುಚ್ಚಿ. ಬಿಸಿಲಲ್ಲಿ ಕಾದ ಬರಿ ನೆಲದ ಮೇಲೆ, ಬಂಡೆ ಮೇಲೆ ಕೂರ್ಬೇಡಿ, ನೆಲ ಗಾಳಿಗಿಂತ ಎಷ್ಟೋ ಬಿಸಿ ಇರತ್ತೆ, ಬ್ಯಾಗ್ ಹಾಕ್ಕೊಂಡು ಅದ್ರ ಮೇಲೆ ಕೂತ್ಕೊಳ್ಳಿ. ಮೂಗಲ್ಲಿ ಉಸಿರಾಡಿ, ಮಾತು ಕಮ್ಮಿ ಮಾಡಿ. ನೀರು ತುಂಬ ಕಮ್ಮಿ ಇದ್ರೆ ಊಟಾನೂ ಕಮ್ಮಿ ಮಾಡಿ, ಅರಗಿಸೋಕೂ ನೀರು ಬೇಕು, ಅದ್ರಲ್ಲೂ ಮಾಂಸ, ಮೊಟ್ಟೆಗೆ. ಮೂತ್ರ ಕುಡಿಯೋ ಕಥೆ ಎಲ್ಲ ಕೇಳಿರ್ತೀರ, ಬೇಡ, ಅದ್ರಲ್ಲಿರೋ ಉಪ್ಪು ಹೊರಹಾಕೋಕೆ ಮತ್ತೆ ನೀರೇ ಖರ್ಚಾಗತ್ತೆ. ಬಿಯರೂ ಅಷ್ಟೇ.

ಹಾಗಂತ ನೀರು ಬೇಕಾದಷ್ಟು ಸಿಕ್ಕಿದೆ ಅಂತ ಬರೀ ನೀರನ್ನೇ ಲೀಟರ್‌ಗಟ್ಟಲೆ ಸುರ್ಕೊಳ್ಳೋದೂ ತಪ್ಪು, ಬೆವರಲ್ಲಿ ಉಪ್ಪೂ ಹೋಗಿರತ್ತೆ. ಓಆರ್‌ಎಸ್ ಇದ್ರೆ ಪ್ಯಾಕೆಟ್ ಮೇಲೆ ಹೇಳಿರೋ ಅಷ್ಟೇ ನೀರಿಗೆ ಕಲಸಿ. ಇಲ್ದಿದ್ರೆ ಒಂದು ಲೀಟರ್‌ಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮೇಲೆ ಸಮ ಮಾಡಿದ ಚಮಚ, ತುಂಬಿ ಹಾಕ್ಬೇಡಿ.

ಜೊತೇಲಿರೋರ ಮುಖ ನೋಡ್ತಿರಿ

ನನ್ನ ತಮ್ಮ, ಅದೇ ಚಿಕ್ಕಪ್ಪನ ಮಗ, ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಮಾತಾಡೋದು ನಿಲ್ಸಿದ. ನಾನು ಸಿಟ್ಟಲ್ಲಿದ್ದಾನೆ ಅನ್ಕೊಂಡೆ. ಆಮೇಲೆ ನೋಡಿದ್ರೆ ಮುಖ ಬಿಳಿಚಿತ್ತು, ಕೈ ಮುಟ್ಟಿದ್ರೆ ತಣ್ಣಗೆ ಅಂಟಂಟು, ಮೀನಖಂಡ ಹಿಡ್ಕೊಂಡು ನಡೀಲಾರದೆ ಕಲ್ಲಿಗೆ ಒರಗಿ ಎರಡು ಸಲ ವಾಂತಿ ಮಾಡಿದ. ಇದು ಬಿಸಿಲಿಗೆ ಬಳಲೋದು. ಈ ಹಂತದಲ್ಲಿ ನಿಲ್ಸಿದ್ರೆ ಸರಿ ಹೋಗತ್ತೆ: ನೆರಳಲ್ಲಿ ಮಲಗ್ಸಿ ಕಾಲು ಸ್ವಲ್ಪ ಎತ್ತರ ಇಡಿ, ಬೆಲ್ಟು, ಶೂ ಸಡಿಲ ಮಾಡಿ, ಬೈರಾಸು ಒದ್ದೆ ಮಾಡಿ ಕತ್ತಿಗೆ ಹಾಕಿ ಗಾಳಿ ಬೀಸಿ, ಚೂರು ಚೂರೇ ಉಪ್ಪು-ಸಕ್ಕರೆ ನೀರು ಕೊಡಿ. ಅವನಿಗೆ ಒಂದೂವರೆ ಗಂಟೆ ಬೇಕಾಯ್ತು. ಆ ಒಂದೂವರೆ ಗಂಟೆ ನನಗೆ ಎಷ್ಟು ಉದ್ದ ಅನ್ನಿಸ್ತು ಅಂದ್ರೆ ಇವತ್ತಿಗೂ ಆ ಮರದ ತೊಗಟೆ ಮೇಲೆ ಹರಿದಾಡ್ತಿದ್ದ ಕೆಂಪಿರುವೆ ಸಾಲು ಕಣ್ಣಿಗೆ ಕಟ್ಟಿದಂಗಿದೆ.

ಇದಕ್ಕಿಂತ ಮುಂದಿನದು ಹೀಟ್ ಸ್ಟ್ರೋಕ್, ಅದು ಜೀವಕ್ಕೇ ಅಪಾಯ. ಮೈ ಸುಡ್ತಿರತ್ತೆ, 40 ಡಿಗ್ರಿ ದಾಟಿರತ್ತೆ, ಮಾತು ತಡವರಿಸತ್ತೆ, ಏನೇನೋ ಮಾತಾಡ್ತಾರೆ, ನಡಿಗೆ ಓಲಾಡತ್ತೆ, ಪ್ರಜ್ಞೆ ತಪ್ಪತ್ತೆ. ಬೆವರು ನಿಂತಿರಲೇಬೇಕು ಅಂತಿಲ್ಲ, ಬೆವರ್ತಿದ್ರೂ ಹೀಟ್ ಸ್ಟ್ರೋಕ್ ಆಗಬಹುದು, ತಲೆ ಗೊಂದಲ ಆಗಿದೆಯಾ ಅನ್ನೋದೇ ಗುರುತು. ಆಗ ಕುಡಿಯೋ ನೀರು ಅಂತ ಲೆಕ್ಕ ನೋಡ್ಬೇಡಿ, ಮೈ ಪೂರ್ತಿ ಒದ್ದೆ ಮಾಡಿ ಜೋರಾಗಿ ಗಾಳಿ ಹಾಕಿ, ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಹಳ್ಳದ ನೀರಿದ್ರೆ ತಲೆ ಮೇಲೆ ಹಿಡ್ಕೊಂಡು ಕತ್ತಿನವರೆಗೆ ಕೂರಿಸಿ. ಪ್ರಜ್ಞೆ ಇಲ್ದೋರ ಬಾಯಿಗೆ ನೀರು ಹಾಕ್ಬೇಡಿ, ಮಗ್ಗುಲಿಗೆ ಮಲಗ್ಸಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ. ಇಂಥೋರನ್ನ ಇನ್ನು ನಡೆಸೋ ಹಾಗಿಲ್ಲ, ಸಹಾಯ ಅವರ ಹತ್ತಿರ ಬರ್ಬೇಕು.

ಇರೋದಾ, ನಡೆಯೋದಾ

ಒಬ್ಬರಿಗೆ ಹೇಳಿ ಬಂದಿದ್ದೀರ, ನೀರಿದೆ, ನೆರಳಿದೆ ಅಂದ್ರೆ ಇದ್ದಲ್ಲೇ ಇರಿ, ಹುಡುಕೋರಿಗೆ ಓಡಾಡೋ ಮನುಷ್ಯನಿಗಿಂತ ಒಂದೇ ಕಡೆ ಇರೋ ಮನುಷ್ಯ ಬೇಗ ಸಿಗ್ತಾನೆ. ಗಾಡಿ ಕೆಟ್ಟು ಕಾಡುರಸ್ತೇಲಿ ನಿಂತಿದ್ರೂ ಅದೇ ಮಾತು, ಗಾಡಿ ಬಿಟ್ಟು ಹೋಗ್ಬೇಡಿ. ಮರುಭೂಮೀಲಿ ಗಾಡಿ ದೂರದಿಂದ ಕಾಣತ್ತೆ ಅಂತ ಹಾಗೆ ಹೇಳ್ತಾರೆ, ಇಲ್ಲಿ ಆನೆ ಕಾರಣಕ್ಕೂ ಸೇರಿ ಹೇಳ್ಬೇಕು. ನಾಗರಹೊಳೆ ಒಳಗಿನ ರಸ್ತೇಲಿ ಸಂಜೆ ಗೇಟ್ ಹಾಕ್ತಾರೆ, ಒಳಗೆ ಬಂದ ಗಾಡಿ ಆ ಕಡೆ ಹೊರಗೆ ಬರ್ಲಿಲ್ಲ ಅಂದ್ರೆ ಸಿಬ್ಬಂದಿಗೆ ಗೊತ್ತಾಗೋ ಸಾಧ್ಯತೆ ಇದೆ, ಗ್ಲಾಸ್ ಸ್ವಲ್ಪ ಇಳಿಸಿ ಒಳಗೇ ಕೂತಿರಿ, ಬಿಸಿಲಿಗೆ ಬೇಯೋ ಹಾಗಿದ್ರೆ ಮಾತ್ರ ಸುತ್ತ ನೋಡಿ ಪಕ್ಕದ ನೆರಳಿಗೆ ಬನ್ನಿ.

ಯಾರಿಗೂ ಹೇಳಿಲ್ಲ, ನೀರು ಮುಗೀತಿದೆ ಅಂದ್ರೆ ನಡೀಲೇಬೇಕು. ಆಗ ಹೊತ್ತು ನೋಡಿ ನಡೀರಿ.

ಯಾವಾಗ ನಡೀಬೇಕು

ಥಾರ್ ಮರುಭೂಮೀಲೋ ಕಚ್ಛದ ರಣದಲ್ಲೋ ಸಿಕ್ಕಿಹಾಕ್ಕೊಂಡೋರು ಹಗಲು ನೆರಳಲ್ಲಿ ಬಿದ್ದಿದ್ದು ರಾತ್ರಿ ನಕ್ಷತ್ರ ನೋಡಿ ನಡೀಬೇಕು, ಅದು ಅಲ್ಲಿಗೆ ಸರಿ. ಕೊಡಗಲ್ಲಿ ರಾತ್ರಿ ಅಂದ್ರೆ ಆನೆ ಹೊತ್ತು. ಕಾಡಿಂದ ತೋಟಕ್ಕೆ, ತೋಟದಿಂದ ಕೆರೆಗೆ ಅವು ಓಡಾಡೋದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಕತ್ತಲಲ್ಲಿ ಆನೆ ಹತ್ತಡಿ ದೂರದಲ್ಲಿ ನಿಂತಿದ್ರೂ ಗೊತ್ತಾಗಲ್ಲ, ಉಸಿರು ಕೇಳೋ ಹೊತ್ತಿಗೆ ತಡ ಆಗಿರತ್ತೆ. ಮೇಲಿಂದ ಬಂಡೆ ಅಂಚು, ಆನೆ ಬರದಂಗೆ ತೋಡಿರೋ ಕಂದಕ ಬೇರೆ.

ನಮ್ಮಲ್ಲಿ ನಡೆಯೋ ಹೊತ್ತು ಎರಡು. ಚೆನ್ನಾಗಿ ಬೆಳಕು ಬಿಟ್ಟ ಮೇಲೆ ಆರೂಮುಕ್ಕಾಲಿಂದ ಹತ್ತು ಗಂಟೆವರೆಗೆ, ಆಮೇಲೆ ಮೂರೂವರೆಯಿಂದ ಐದೂಮುಕ್ಕಾಲವರೆಗೆ. ನಡುವೆ ನೆರಳು. ಏಪ್ರಿಲಲ್ಲಿ ಇಲ್ಲಿ ಆರೂನಲವತ್ತರ ಆಸುಪಾಸು ಸೂರ್ಯ ಮುಳುಗ್ತಾನೆ, ಮರದ ಕೆಳಗೆ ಅದಕ್ಕಿಂತ ಮುಂಚೇನೇ ಕತ್ತಲಾಗತ್ತೆ, ಐದೂಮುಕ್ಕಾಲಿಗೆ ನಿಂತು ರಾತ್ರಿಗೆ ಜಾಗ ನೋಡ್ಕೊಳ್ಳಿ.

ದಿಕ್ಕು ನೋಡೋಕೆ ಕೋಲು ನೆಟ್ಟು ನೆರಳು ನೋಡೋದು ಹೇಳಿಕೊಟ್ಟಿರ್ತಾರೆ. ಕೊಡಗು ಇರೋದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ, ಏಪ್ರಿಲ್ 22-23ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಬರ್ತಾನೆ, ಕೋಲಿನ ನೆರಳು ಕೋಲಿನ ಬುಡದಲ್ಲೇ ಇರತ್ತೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ, ನಾವು ಪಶ್ಚಿಮಕ್ಕೆ ಇರೋದ್ರಿಂದ ಹನ್ನೆರಡೂವರೆ ಹತ್ತಿರ. ಹಾಗಾಗಿ ಮಧ್ಯಾಹ್ನ ದಿಕ್ಕು ಹುಡುಕ್ಬೇಡಿ, ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಸೂರ್ಯ ಇರೋ ಕಡೆ ನೋಡಿದ್ರೆ ಸಾಕು, ಪೂರ್ವ-ಪಶ್ಚಿಮ ಗೊತ್ತಾಗತ್ತೆ.

ಯಾವ ಕಡೆ ನಡೀಬೇಕು

ಹಳ್ಳ ಹಿಡಿದು ಇಳಿದ್ರೆ ಊರು ಸಿಗತ್ತೆ ಅನ್ನೋದು ಎಲ್ಲ ಕಡೆ ಹೇಳೋ ಮಾತು. ಕೊಡಗಲ್ಲಿ ಅದು ನೀವು ಬೆಟ್ಟದ ಯಾವ ಮಗ್ಗುಲಲ್ಲಿ ಇದ್ದೀರ ಅನ್ನೋದ್ರ ಮೇಲಿದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಪೂರ್ವಕ್ಕೆ ಹರಿಯೋ ನೀರು, ಅವಕ್ಕೆ ಸೇರೋ ಹಳ್ಳಗಳು ಬೇಗ ಗದ್ದೆಗೆ, ತೋಟಕ್ಕೆ ಬಂದು ಮುಟ್ತವೆ. ಬಾರಪೊಳೆ, ಪಯಸ್ವಿನಿ, ಕುಮಾರಧಾರ ಪಶ್ಚಿಮಕ್ಕೆ ಘಟ್ಟ ಇಳಿಯೋ ನೀರು. ಆ ಕಡೆ ಹಳ್ಳ ಹಿಡಿದ್ರೆ ಮೊದಲು ಜಾರು ಬಂಡೆ, ಆಮೇಲೆ ಒಂದಾಳೆತ್ತರ ನೆಟ್ಟಗೆ ಕಡಿದ ಬಂಡೆ, ಅದನ್ನ ಹೇಗೋ ಇಳಿದ್ರೆ ಮುಂದೆ ನೂರಡಿ ಜಲಪಾತದ ತಲೆ. ಇಳಿದಿದ್ದನ್ನ ವಾಪಸ್ ಹತ್ತೋಕೂ ಆಗಲ್ಲ. ನಾವಿಬ್ರೂ ಅದನ್ನೇ ಮಾಡಿದ್ದು. ಒಣಗಿದ ಹಳ್ಳದಲ್ಲಿ ಇಳಿದು ಇಳಿದು ಒಂದು ಕಡೆ ಹಳ್ಳ ಇದ್ದಕ್ಕಿದ್ದಂಗೆ ನಿಂತೇಹೋಯ್ತು, ಮುಂದೆ ಮರದ ತುದಿಗಳು ಕಾಲ ಕೆಳಗೆ ಕಾಣ್ತಿದ್ವು. ತಮ್ಮ ಬಳಲಿ ಬಿದ್ದಿದ್ದು ಅಲ್ಲೇ.

ಹೋಗೋ ಮುಂಚೆ ಮ್ಯಾಪಲ್ಲಿ ಇದೊಂದನ್ನ ನೋಡಿ ಬಾಯಿಪಾಠ ಮಾಡ್ಕೊಳ್ಳಿ: ಈ ಬೆಟ್ಟಕ್ಕೆ ಮನೆಗಳಿರೋ ಮಗ್ಗುಲು ಯಾವುದು. ಪುಷ್ಪಗಿರಿಗೆ ಬೀದಳ್ಳಿ ಕಡೆ, ತಡಿಯಂಡಮೋಳ್‌ಗೆ ಕಕ್ಕಬೆ ಕಡೆ, ಬ್ರಹ್ಮಗಿರಿಗೆ ಇರ್ಪು ಕಡೆ, ಬ್ರಹ್ಮಗಿರಿಯ ಆ ಕಡೆ ಬಿದ್ರೆ ವಯನಾಡಿನ ಕಾಡು. ಇಷ್ಟು ಗೊತ್ತಿದ್ರೆ ದಾರಿ ತಪ್ಪಿದ್ರೂ ಏಣಿನ ಮೇಲೆ ಬಂದು ಸರಿಯಾದ ಮಗ್ಗುಲಿಗೆ ಇಳೀಬಹುದು. ಏಣಿನ ಮೇಲೆ ಗಾಳಿ ಇರತ್ತೆ, ಕಣ್ಣಿಗೆ ದೂರ ಕಾಣತ್ತೆ, ಫೋನಿಗೆ ಟವರೂ ಸಿಗತ್ತೆ. ಹಳ್ಳದ ಹೊಟ್ಟೇಲಿ ಮೂರೂ ಇಲ್ಲ.

ಹುಡುಕ್ಬೇಕಾಗಿರೋದು ಮನುಷ್ಯನ ಗುರುತು. ನಮ್ಮ ಕಡೆ ಅತಿ ಒಳ್ಳೇ ಗುರುತು ಕರಿ ಪೈಪು. ಬೆಟ್ಟದ ಬುಡದ ಮನೆಗಳಿಗೆಲ್ಲ ಮೇಲಿನ ಒರತೆಯಿಂದ ಪೈಪಲ್ಲೇ ನೀರು ಬರೋದು, ಕಾಡಲ್ಲಿ ಎಲೆ ಕೆಳಗೆ ಒಂದು ಕರಿ ಪೈಪ್ ಕಂಡ್ರೆ ಅದನ್ನ ಹಿಡಿದು ಕೆಳಗೆ ಹೋಗಿ, ಅದ್ರ ತುದೀಲಿ ಒಂದು ಮನೆ ಇದ್ದೇ ಇರತ್ತೆ. ದಯವಿಟ್ಟು ಪೈಪ್ ಕತ್ತರಿಸ್ಬೇಡಿ, ಜಾಯಿಂಟ್ ಸಿಕ್ಕಿದ್ರೆ ಬಿಚ್ಚಿ ಕುಡಿದು ಮತ್ತೆ ಹಾಕಿ. ಕರೆಂಟ್ ಲೈನ್ ಕೆಳಗೆ ಗಿಡ ಸವರಿದ ಜಾಗ ಇರತ್ತೆ, ಅದೂ ದಾರೀನೇ. ಸೋಲಾರ್ ಬೇಲಿ, ಆನೆ ಕಂದಕ ಸಿಕ್ಕಿದ್ರೆ ಅದ್ರ ಪಕ್ಕದಲ್ಲೇ ನಡೀರಿ, ಎಲ್ಲೋ ಒಂದು ಕಡೆ ಗೇಟು ಬರತ್ತೆ; ಆದ್ರೆ ತಂತಿ ಮುಟ್ಬೇಡಿ, ಯಾವ ತಂತೀಲಿ ಏನು ಕರೆಂಟ್ ಬಿಟ್ಟಿದ್ದಾರೆ ಅಂತ ನೋಡಿದ್ರೆ ಗೊತ್ತಾಗಲ್ಲ. ಸಿಲ್ವರ್ ಓಕ್ ಮರ ಸಾಲಾಗಿ ಕಂಡ್ರೆ ಅದು ತೋಟ. ಕಾಡಲ್ಲಿ ಅದು ತಾನಾಗೇ ಸಾಲು ಕಟ್ಟಿ ಬೆಳೆಯಲ್ಲ.

ಕಿವಿಯನ್ನೂ ನಂಬಿ. ಗಂಟೆಗೊಂದ್ಸಲ ನಿಂತು, ಉಸಿರು ಸಮ ಆದ ಮೇಲೆ, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ. ನಾಯಿ ಬೊಗಳೋದು, ಕೋಳಿ, ಜೀಪ್ ಗೇರ್ ಬದಲಾಯಿಸೋದು. ನಮ್ಮನ್ನ ಉಳ್ಸಿದ್ದು ಡೀಸೆಲ್ ಇಂಜಿನ್. ಆ ವರ್ಷ ಮಳೆ ಕೈಕೊಟ್ಟಿತ್ತು, ತೋಟದೋರು ಏಪ್ರಿಲಲ್ಲೂ ಕೆರೆಗೆ ಮೋಟಾರ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕ್ತಿದ್ರು. ಏಣಿನ ಮೇಲಕ್ಕೆ ವಾಪಸ್ ಹತ್ತಿ ನಿಂತಾಗ ಸಂಜೆ ನಾಲ್ಕೂವರೆಗೆ ಎಡಗಡೆ ಕೆಳಗಿಂದ ಸಣ್ಣಗೆ ಡುಗ್ ಡುಗ್ ಡುಗ್ ಅಂತ ಕೇಳಿಸ್ತು. ಆ ಸದ್ದು ಕಣಿವೇಲಿ ಎರಡು ಕಡೆಯಿಂದ ಬಂದಂಗೆ ಅನ್ಸತ್ತೆ, ಹಾಗಾಗಿ ಐವತ್ತು ಹೆಜ್ಜೆ ನಡೆದು ಮತ್ತೆ ಕೇಳೋದು, ಜೋರಾಯ್ತಾ ಕಮ್ಮಿಯಾಯ್ತಾ ನೋಡೋದು, ಹಾಗೇ ಮಾಡ್ತಾ ಇಳಿದ್ವಿ.

ನೀರು ಹುಡುಕೋದು

ಹಳ್ಳ ಒಣಗಿದ್ರೂ ತಿರುವಲ್ಲಿ, ಹೊರ ಮಗ್ಗುಲಲ್ಲಿ, ಬಂಡೆ ಬುಡದಲ್ಲಿ ಮರಳು ಕೈಗೆ ತಣ್ಣಗೆ ಸಿಕ್ಕಿದ್ರೆ ಮೊಣಕೈ ಆಳ ತೋಡಿ ಕಾಯಿರಿ, ಒಸರತ್ತೆ. ಅರ್ಧ ಮೊಳ ತೋಡಿದ್ರೂ ಒಣ ಮರಳೇ ಅಂದ್ರೆ ನಿಲ್ಸಿ, ಅಲ್ಲಿ ಬೆವರು ಸುರಿಸ್ಬೇಡಿ. ಅತ್ತಿಮರ, ದಟ್ಟ ಹಸುರು ನೇರಳೆ ಸಾಲು ಕಂಡ ಕಡೆ ನೀರು ಹತ್ತಿರ ಇರತ್ತೆ. ಕರಿಮತ್ತಿ ಮರದ ಉಬ್ಬಲ್ಲಿ ನೀರಿರತ್ತೆ ಅಂತ ಕಾಡಿನ ಜನಕ್ಕೆ ಗೊತ್ತು, ಎಲ್ಲ ಮರದಲ್ಲೂ ಇರಲ್ಲ, ಕಡಿಯೋಕೆ ಅನುಭವ ಬೇಕು, ಅದನ್ನ ನಂಬ್ಕೊಂಡು ನಡೀಬೇಡಿ, ಮರ ಹಾಳು ಮಾಡ್ಬೇಡಿ.

ನಾಗರಹೊಳೆ ಕಡೆ ಹಡ್ಲು ಅಂತಾರೆ, ಕಾಡಿನ ನಡುವೆ ಮರ ಇಲ್ದ ತಗ್ಗು ಹುಲ್ಲು ಬಯಲು. ಬೇಸಿಗೇಲೂ ಅಲ್ಲಿ ತೇವ ಇರತ್ತೆ, ಹುಲ್ಲು ಹಸಿರಾಗಿರತ್ತೆ. ಆದ್ರೆ ಅದು ನಿಮಗಷ್ಟೇ ಅಲ್ಲ, ಆನೆ, ಕಾಟಿ (ಕಾಡೆಮ್ಮೆ), ಜಿಂಕೆ, ಅವುಗಳ ಹಿಂದೆ ಹುಲಿ, ಎಲ್ಲಕ್ಕೂ ಅದೇ ಊಟದ ಮನೆ. ಮುಸ್ಸಂಜೇಲಿ ನೀರಿನ ಹತ್ತಿರ ಹೋಗ್ಲೇಬೇಡಿ. ಹಗಲಲ್ಲಿ ಹೋಗೋದಾದ್ರೂ ಮರದ ಅಂಚಲ್ಲಿ ಹತ್ತು ನಿಮಿಷ ನಿಂತು ನೋಡಿ, ಹಬೆಯಾಡೋ ಲದ್ದಿ, ಹಸಿಯಾಗಿ ಮುರಿದ ಕೊಂಬೆ ಕಂಡ್ರೆ ಹಿಂದೆ ಬನ್ನಿ. ನೀರು ತುಂಬ್ಕೊಂಡ ಮೇಲೆ ಅಲ್ಲೇ ಕೂರ್ಬೇಡಿ.

ಸಿಕ್ಕಿದ ನೀರನ್ನ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿ. ಕ್ಲೋರಿನ್ ಮಾತ್ರೆ ಇದ್ರೆ ಹಾಕಿ ಅರ್ಧ ಗಂಟೆ ಬಿಡಿ. ಇಲ್ದಿದ್ರೂ ಬಾಯಾರಿ ಬೀಳೋ ಸ್ಥಿತಿ ಬಂದಿದ್ರೆ ಕುಡೀರಿ, ಭೇದಿಗೆ ನಾಳೆ ಔಷಧಿ ಸಿಗತ್ತೆ. ತೋಟದ ಕೆರೆ ಹತ್ತಿರ ಔಷಧಿ ಹೊಡೆಯೋ ಡ್ರಮ್ಮು, ಖಾಲಿ ಡಬ್ಬಿ ಬಿದ್ದಿದ್ರೆ ಮಾತ್ರ ಆ ನೀರು ಮುಟ್ಬೇಡಿ, ವಿಷ ಸೋಸಿದ್ರೆ ಹೋಗಲ್ಲ.

ತಿನ್ನೋ ವಿಷಯ ಜಾಸ್ತಿ ಯೋಚಿಸ್ಬೇಡಿ, ಒಂದೆರಡು ದಿನ ಉಪವಾಸಕ್ಕೆ ಯಾರಿಗೂ ಏನೂ ಆಗಲ್ಲ. ಕಿತ್ತಳೆ ಹಣ್ಣಿನ ಥರ ಚೆಂದ ಕಾಣೋ ಕಾಸರಕದ ಹಣ್ಣು ವಿಷ. ಹಲಸಿನ ಮರದ ಕೆಳಗೆ ಕೂರೋದೂ ಬೇಡ, ಹಣ್ಣಿನ ವಾಸನೆಗೆ ಆನೆ ಬರತ್ತೆ. ಆನೆ ಎದುರಾದ್ರೆ ಕೂಗ್ಬೇಡಿ, ಫೋಟೋ ಬೇಡ, ಬಂದ ದಾರೀಲೇ ನಿಧಾನಕ್ಕೆ ಹಿಂದೆ ಸರೀರಿ, ಮರಿ ಇದ್ರೆ ಇನ್ನೂ ದೂರ.

ಬೆಂಕಿ ಹಾಕ್ಬೇಡಿ

ಕೈ ಮುಗಿದು ಕೇಳ್ತೀನಿ. ಫೆಬ್ರವರಿಯಿಂದ ಮೊದಲ ಒಳ್ಳೇ ಮಳೆವರೆಗೆ ನಮ್ಮ ಹುಲ್ಲುಬೆಟ್ಟ, ಲಂಟಾನ ತುಂಬಿದ ಕಾಡು ಒಂದು ಕಿಡಿಗೆ ಹೊತ್ಕೊಳ್ಳತ್ತೆ. ಹೊಗೆ ತೋರ್ಸೋಕೆ ಹಾಕಿದ ಬೆಂಕಿ ಹತ್ತು ನಿಮಿಷದಲ್ಲಿ ನಿಮ್ಮನ್ನೇ ಸುತ್ತುವರೀಬಹುದು. ಕಾಡಿಗೆ ಬೆಂಕಿ ಹಾಕೋದು ಅಪರಾಧ ಅನ್ನೋದು ಒಂದು ಕಡೆ, ಗೂಡಲ್ಲಿರೋ ಮರಿಗಳ ಗತಿ ಇನ್ನೊಂದು ಕಡೆ.

ಬೇರೆ ಯಾರೋ ಹಾಕಿದ ಬೆಂಕಿ ನಿಮ್ಮ ಕಡೆ ಬರ್ತಿದ್ರೆ ಮೇಲಕ್ಕೆ ಓಡ್ಬೇಡಿ, ಬೆಂಕಿ ಏರಲ್ಲಿ ಮನುಷ್ಯನಿಗಿಂತ ಜೋರಾಗಿ ಓಡತ್ತೆ. ಅಡ್ಡಕ್ಕೆ ಹೋಗಿ, ಸಾಧ್ಯ ಆದ್ರೆ ಕೆಳಗೆ. ಆಗ್ಲೇ ಸುಟ್ಟು ಕರಿಯಾದ ಜಾಗ, ಬರಿ ಬಂಡೆ, ರಸ್ತೆ, ಇಲಾಖೆಯೋರು ಹುಲ್ಲು ಸುಟ್ಟು ಮಾಡಿರೋ ಬೆಂಕಿ ರೇಖೆ, ಇವು ಜೀವ ಉಳ್ಸೋ ಜಾಗ.

ಕರೆಯೋದಕ್ಕೆ ಬೆಂಕಿ ಬೇಕಿಲ್ಲ. ವಿಷಲ್ ಮೂರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ. ವಿಷಲ್ ಇಲ್ದಿದ್ರೆ ಕೂ ಹಾಕಿ, ನಮ್ಮ ಜನಕ್ಕೆ ಕೂ ಕೇಳಿದ್ರೆ ತಿರುಗಿ ಕೂ ಹಾಕೋ ಅಭ್ಯಾಸ ಇದ್ದೇ ಇದೆ, ಆದ್ರೆ ಗಂಟಲು ಒಣಗೋವರೆಗೆ ಕಿರುಚ್ಬೇಡಿ. ಬಿಸಿಲಿದ್ರೆ ಸ್ಟೀಲ್ ಡಬ್ಬಿ ಮುಚ್ಚಳವೋ ಫೋನ್ ಗಾಜೋ ಹಿಡಿದು ರಸ್ತೆ ಕಡೆ ಬೆಳಕು ಹಾಯ್ಸಿ.

ಫೋನು ಏರೋಪ್ಲೇನ್ ಮೋಡಲ್ಲಿ ಇಡಿ, ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಸಾಯೋದು. ಎತ್ತರದ ಜಾಗ ಸಿಕ್ಕಾಗ ಮಾತ್ರ ಆನ್ ಮಾಡಿ. ನೆಟ್‌ವರ್ಕ್ ಇಲ್ದಿದ್ರೂ ಜಿಪಿಎಸ್ ಕೆಲಸ ಮಾಡತ್ತೆ, ಮ್ಯಾಪಲ್ಲಿ ನೀಲಿ ಚುಕ್ಕಿ ಒತ್ತಿ ಹಿಡಿದ್ರೆ ಬರೋ ನಂಬರ್‌ಗಳನ್ನ ಬರ್ಕೊಳ್ಳಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲ ಅಂತ ತೋರ್ಸಿದ್ರೂ ತುರ್ತು ನಂಬರ್ 112 ಒತ್ತಿ ನೋಡಿ, ಬೇರೆ ಕಂಪನಿ ಟವರ್ ಇದ್ರೆ ಅದ್ರಿಂದಾನೂ ಹೋಗಬಹುದು. ಕಾಲ್ ಹೋಗದ ಕಡೆ ಎಸ್‌ಎಂಎಸ್ ಹೋಗೋದುಂಟು, ಜಾಗದ ನಂಬರ್, ಎಷ್ಟು ಜನ, ಯಾರಿಗೆ ಏನಾಗಿದೆ ಒಂದೇ ಮೆಸೇಜಲ್ಲಿ ಕಳ್ಸಿ.

ರಾತ್ರಿ ಉಳೀಬೇಕಾದ್ರೆ ಪ್ರಾಣಿಗಳ ದಾರಿ, ನೀರು, ಹಣ್ಣಿನ ಮರ ಇದ್ರಿಂದ ದೂರ, ದೊಡ್ಡ ಬಂಡೆಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಬಂಡೆ ಮೇಲೆ ಹೆಜ್ಜೇನು ಕಟ್ಟಿದೆಯಾ ಮೊದಲು ನೋಡಿ. ಹಗಲೆಲ್ಲ ಬೆಂದ ಮೈಗೆ ಬೆಟ್ಟದ ಮೇಲೆ ರಾತ್ರಿ ಚಳಿ ಆಗತ್ತೆ, ಬೆವರಿನ ಶರ್ಟ್ ಒಣಗ್ಸಿ ಹಾಕ್ಕೊಳ್ಳಿ.

ಜನ ಸಿಕ್ಕಿದ ಮೇಲೆ

ನಾವು ಇಂಜಿನ್ ಹತ್ತಿರ ತಲುಪಿದಾಗ ಆರು ಗಂಟೆ ಆಗ್ತಾ ಬಂದಿತ್ತು. ಅಲ್ಲಿದ್ದೋರು ತೋಟದ ಕೆಲಸದೋರ ಲೈನ್ ಮನೆಗೆ ಕರ್ಕೊಂಡು ಹೋದ್ರು. ನಾನು ಕೊಡಪಾನ ನೋಡಿದ್ದೇ ಬಾಯಿ ಹಾಕೋಕೆ ಹೋದೆ, ಅಲ್ಲಿದ್ದ ಅಜ್ಜಿ ಕೈ ಹಿಡಿದು "ಗಟಗಟ ಕುಡೀಬೇಡ ಮಗಾ, ಕೂತು ಕುಡಿ" ಅಂತ ಅಲ್ಯೂಮಿನಿಯಂ ಲೋಟದಲ್ಲಿ ಉಪ್ಪು ಹಾಕಿದ ಗಂಜಿ ನೀರು ಕೊಟ್ರು, ಅರ್ಧ ಲೋಟ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನರ್ಧ. ಬಿಸಿಲಲ್ಲಿ ಸೋತು ಬಂದೋರಿಗೆ ಅದಕ್ಕಿಂತ ಒಳ್ಳೇದು ಕೊಡೋಕೆ ನನಗೆ ಇವತ್ತಿಗೂ ಗೊತ್ತಿಲ್ಲ, ನಮ್ಮ ಮನೆಗೆ ಯಾರಾದ್ರೂ ಹಾಗೆ ಬಂದ್ರೆ ನಾನೂ ಅದನ್ನೇ ಕೊಡ್ತೀನಿ.

ಮೂತ್ರ ತಿಳಿ ಹಳದಿಗೆ ಬರೋವರೆಗೆ ಸ್ವಲ್ಪ ಸ್ವಲ್ಪ ಕುಡೀತಾನೇ ಇರಿ. ಎಂಟು ಗಂಟೆಯಾದ್ರೂ ಮೂತ್ರ ಬರ್ಲಿಲ್ಲ, ಅಥವಾ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂತು ಅಂದ್ರೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ದಾರೀಲಿ ಯಾರಿಗಾದ್ರೂ ಪ್ರಜ್ಞೆ ತಪ್ಪಿತ್ತು, ಮಾತು ತಡವರಿಸಿತ್ತು ಅಂದ್ರೆ ಈಗ ಆರಾಮಾಗಿ ಕಂಡ್ರೂ 108ಕ್ಕೆ ಫೋನ್ ಮಾಡಿ. ಆಮೇಲೆ ಮೊದಲ ಕಾಲ್ ಮನೆಗೆ, ಎರಡನೇದು ಹುಡುಕೋಕೆ ಹೊರಟಿರೋರಿಗೆ. ನೀವು ಗಂಜಿ ಕುಡೀತಾ ಕೂತಿರೋ ಹೊತ್ತಿಗೆ ಯಾರೋ ನಾಲ್ಕು ಜನ ಟಾರ್ಚ್ ಹಿಡ್ಕೊಂಡು ಅದೇ ಕಾಡಲ್ಲಿ, ಅದೇ ಆನೆ ದಾರೀಲಿ ನಿಮ್ಮ ಹೆಸರು ಕೂಗ್ತಾ ಹತ್ತುತಿರ್ತಾರೆ, ಅವರನ್ನ ಮೊದಲು ವಾಪಸ್ ಕರ್ಸಿ.